ಹರಕೆಗೆ ಬಿಟ್ಟ ಆಮೆಗಳು

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ನುಣುಪಾದ, ನಸುಗೆಂಪಿನ ಒಂದು ಕಲೆ. ಮೊದಲ ದಿನವೇ ಕೇಳಿಬಿಟ್ಟೆ. "ಆಮೆ ಕಚ್ಚಿತು. ತಪ್ಪು ಅದರದಲ್ಲ, ಅದು ಊಟ ಮಾಡುವಾಗ ನಾನು ಕೈ ಹಾಕಿದೆ" ಎಂದು ನಕ್ಕರು.

ಐವತ್ತರ ದಶಕದ ಕೊನೆಯ ವರ್ಷಗಳವು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಾನು ಶಾಲಾ ಉಪಾಧ್ಯಾಯಿನಿಯಾಗಿದ್ದೆ. ಅವರು ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರವನ್ನು ಕಲಿಸುತ್ತಿದ್ದರು; ರಜೆ ಬಂದೊಡನೆ ಕೆರೆಯ ಆಮೆಗಳ ಅಧ್ಯಯನಕ್ಕೆಂದು ನಮ್ಮ ಸೀಮೆಗೆ ಬರುತ್ತಿದ್ದರು. ಒಂಟಿ ಹೆಂಗಸು ಇಳಿದುಕೊಳ್ಳಲು ಊರಿನಲ್ಲಿ ಬೇರೆ ತಾವಿರಲಿಲ್ಲವಾಗಿ ನನ್ನ ಮನೆಯ ನಡುಕೋಣೆ ಅವರದಾಯಿತು. ಊರು ಅವರನ್ನು ಆಮೆಯಮ್ಮ ಎಂದಿತು. ನಾನು ಅಕ್ಕ ಎಂದೆ.

ಬೆಳಗಾದರೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆರೆಗಿಳಿಯುವರು. ಹಿಡಿದ ಕಪ್ಪಾಮೆಯ ಚಿಪ್ಪಿನಂಚಿಗೆ ಸಣ್ಣ ಅರದಿಂದ ಕಚ್ಚು ಹಾಕಿ ನೀರಿಗೆ ಬಿಡುವರು. ಒಂದೊಂದಕ್ಕೂ ಒಂದೊಂದು ಜಾಗದಲ್ಲಿ ಕಚ್ಚು. ಮತ್ತೆ ಸಿಕ್ಕಾಗ ಇದು ಅದೇ ಆಮೆಯೆಂದು ತಿಳಿಯಬೇಕು. ಬಟ್ಟೆ ಒಗೆಯುವ ಹೆಂಗಸರು ಕೆಣಕುವರು:

"ಏನ್ರೀ ಆಮೆಯಮ್ಮಾರೇ, ನಿಮ್ಮ ಮಕ್ಳು ಎದ್ದಾವೋ, ಇನ್ನಾ ಮಲಗ್ಯಾವೋ?"

"ಇನ್ನೂ ಎದ್ದಿಲ್ಲ ಕಣಮ್ಮ, ನಿನ್ನ ಗಂಡನ ಹಾಗೆ!"

ಆ ನಗುವಿನ ಹಿಂದೆ ಕಳವಳವಿತ್ತು. ಎರಡೂ ತಾಲ್ಲೂಕುಗಳ ಕೆರೆಗಳಲ್ಲಿ ಅವರಿಗೆ ದೊಡ್ಡ ಆಮೆಗಳು ಸಿಗುತ್ತಿದ್ದವು, ಮರಿಗಳು ಸಿಗುತ್ತಿರಲಿಲ್ಲ. ನಮ್ಮೂರ ಕೆರೆಯೇರಿಯ ಮಣ್ಣಿನಲ್ಲಿ ಮಾತ್ರ ಒಮ್ಮೆ ಒಡೆದ ಮೊಟ್ಟೆಯ ಸಿಪ್ಪೆ ಕಂಡಿತ್ತು.

"ಹಾಗಾದರೆ ಇಲ್ಲಿ ಮರಿಗಳಾಗುತ್ತಿವೆ ಎನಿಸುತ್ತದೆ" ಎಂದೆ.

"ಎನಿಸಿದ್ದನ್ನು ಬರೆಯುವಂತಿಲ್ಲ ಟೀಚರ್, ಕಂಡದ್ದನ್ನು ಬರೆಯಬೇಕು."

ಆಮೆಯೊಂದು ಏರಿಯನ್ನು ಹತ್ತಿ ಮೊಟ್ಟೆಯಿಡುವುದನ್ನು ಕಣ್ಣಾರೆ ಕಾಣಬೇಕೆಂಬುದೇ ಅವರ ಹಂಬಲವಾಗಿತ್ತು. ದಸರೆಯ ರಜೆಯುದ್ದಕ್ಕೂ ಕೊಡೆ ಹಿಡಿದು ಏರಿಯ ಮೇಲೆ ಕಾದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಲುಗದೆ ಕೂರುವುದನ್ನು ಕಲಿಸಿದರು. ಕಾಣಲಿಲ್ಲ.

ಮುಂದಿನ ಬೇಸಿಗೆಗೆ ಅವರು ಬರಲಿಲ್ಲ. ಎದೆಯ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಾರೆಂಬ ಸುದ್ದಿ ಬಂತು. ಆ ಬೇಸಿಗೆಯಲ್ಲೇ ನಮ್ಮೂರಿನಲ್ಲಿ ಕೆರೆಬೇಟೆ. ನೀರಿಳಿದ ಕೆರೆಗೆ ಊರವರೆಲ್ಲ ತಳವಿಲ್ಲದ ಬುಟ್ಟಿಯಂಥ ಬಿದಿರಿನ ಕೂಣಿ ಹಿಡಿದು ಧುಮುಕಿ, ಕೂಣಿಯನ್ನು ಕೆಸರಿಗೆ ಊರಿ, ಒಳಗೆ ಸಿಕ್ಕ ಮೀನನ್ನು ಕೈಯಾಡಿಸಿ ಹಿಡಿಯುವ ಸಂಭ್ರಮವದು. ಮೀನಿನ ಜೊತೆಗೆ ಕಚ್ಚಿನ ಆಮೆಗಳೂ ಸಿಕ್ಕವು. ಊರ ಪಟೇಲರು ಏರಿಯ ಮೇಲೆ ನಿಂತು ಗುಡುಗಿದರು: "ಆಮೆಯಮ್ಮಾರ ಆಮೇನ ಯಾರಾರ ಸಾರಿಗೆ ಹಾಕಿದ್ರೆ ನೋಡ್ರಿ ಮತ್ತೆ!" ಅಷ್ಟಕ್ಕೇ ನಿಲ್ಲಿಸದೆ, ಅಕ್ಕ ಗುಣವಾಗಲೆಂದು ಹರಕೆ ಹೊತ್ತು, ಆಮೆಗಳನ್ನೆಲ್ಲ ಬುಟ್ಟಿಗಳಲ್ಲಿ ಹೊರಿಸಿ ದೇವಸ್ಥಾನದ ಕಲ್ಲು ಹೊಂಡಕ್ಕೆ ಬಿಡಿಸಿದರು.

ದಸರೆಯ ಹೊತ್ತಿಗೆ ಅಕ್ಕ ಬಂದರು. ಗುರುತು ಸಿಗದಷ್ಟು ಇಳಿದಿದ್ದರು. ಪಟೇಲರು ಹೆಮ್ಮೆಯಿಂದ ಹೊಂಡಕ್ಕೆ ಕರೆದೊಯ್ದು ಮಂಡಕ್ಕಿ ಎರಚಿದರು, ಆಮೆಗಳು ತಲೆಯೆತ್ತಿದವು. ಅಕ್ಕನ ಕಣ್ಣು ನೀರೊಳಗಿನ ಮೆಟ್ಟಿಲಿನ ಮೇಲಿತ್ತು. ಅಲ್ಲಿ ಬಿಳಿಯ ಮೊಟ್ಟೆಗಳು ಚೆದುರಿ ಬಿದ್ದಿದ್ದವು. ಮೊಣಕಾಲೆತ್ತರದ ಮೆಟ್ಟಿಲುಗಳನ್ನು ಹತ್ತಲಾರದೆ, ಮಣ್ಣು ಸಿಗದೆ, ಆಮೆಗಳು ನೀರಿನಲ್ಲಿಯೇ ಮೊಟ್ಟೆಯಿಟ್ಟಿದ್ದವು.

"ಪಟೇಲರೇ, ಇವನ್ನು ಕೆರೆಗೇ ಬಿಡೋಣ. ನೀರಿನಲ್ಲಿ ಬಿದ್ದ ಮೊಟ್ಟೆ ಮರಿಯಾಗುವುದಿಲ್ಲ."

"ಅದೊಂದು ಬಿಟ್ಟು ಏನಾದ್ರೂ ಕೇಳ್ರಿ ತಾಯಿ. ನಿಮ್ಮ ಜೀವ ಉಳೀಲಿ ಅಂತ ದೇವ್ರಿಗೆ ಬಿಟ್ಟಿದ್ದು. ವಾಪಸ್ ತಗಂಡ್ರೆ ಏನರ್ಥ ಆತು?"

"ನಾನೇ ಒಪ್ಪುತ್ತಿದ್ದೇನಲ್ಲ?"

"ನೀವು ಒಪ್ತೀರಿ. ನಾವು ಹೆಂಗ್ ಒಪ್ಪಾದ್ರೀ?"

ಅಕ್ಕ ಕೈ ಮುಗಿದರು. ಮನೆಗೆ ಬಂದ ಮೇಲೆ ಗೋಡೆಗೊರಗಿ ಕುಳಿತು, "ಇಷ್ಟು ಪ್ರೀತಿಯನ್ನು ತಿದ್ದುವುದು ಹೇಗೆ? ತಿದ್ದುವುದು ನಿಮ್ಮ ಕಸುಬಲ್ಲವೇ, ಹೇಳಿ" ಎಂದರು. ಆ ರಜೆಯಲ್ಲಿ ಅವರು ಏರಿಯ ಕಡೆಗೆ ಹೋಗಲೇ ಇಲ್ಲ.

ಹೋದವರು ಮತ್ತೆ ಬರಲಿಲ್ಲ. ಮಳೆಗಾಲದ ಮೊದಲಲ್ಲಿ, ಅಕ್ಕ ತೀರಿಕೊಂಡರೆಂದು ಅವರ ತಮ್ಮ ಬರೆದ ಕಾಗದವನ್ನು ಪಟೇಲರಿಗೆ ಓದಿ ಹೇಳಿದವಳು ನಾನೇ. ಪಟೇಲರು ಹೆಗಲ ಮೇಲಿನ ವಸ್ತ್ರವನ್ನು ಹಿಂಡಿದರು. "ದೇವ್ರು ಮಾತು ಉಳಿಸ್ಕಳ್ಳಿಲ್ಲ ಟೀಚರ್. ಇನ್ನ ನಮಗ್ಯಾಕೆ ಅವನ ಹಂಗು?" ಎಂದು ಎದ್ದವರು, ಯಾರನ್ನೂ ಕರೆಯದೆ ಹೊಂಡಕ್ಕಿಳಿದು, ಆಮೆಗಳನ್ನು ಹಿಡಿಹಿಡಿದು ಬುಟ್ಟಿಗೆ ತುಂಬಿದರು. ಆ ವಯಸ್ಸಿನಲ್ಲಿ, ನೀರು ಸೋರುವ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಕೆರೆಗೆ ನಡೆದರು. ಮತ್ತೆ ಬಂದು ಮತ್ತೆ ಹೊತ್ತರು. "ಹೋಗ್ರವ್ವ, ಹೋಗ್ರಿ" ಎನ್ನುತ್ತ ಒಂದೊಂದನ್ನಾಗಿ ನೀರಿಗೆ ಬಿಟ್ಟರು.

ಅಕ್ಕ ಗುಣವಾಗಿದ್ದರೆ ಆ ಆಮೆಗಳು ಹೊಂಡದಲ್ಲಿಯೇ ಉಳಿಯುತ್ತಿದ್ದವು. ಇದನ್ನು ನೆನೆದಾಗಲೆಲ್ಲ ನನ್ನ ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತವೆ.

ಆಮೆಗಳನ್ನು ಕೆರೆಗೆ ಬಿಟ್ಟ ಆ ವರ್ಷದ ದಸರೆಯ ಒಂದು ಸಂಜೆ ಕಚ್ಚಿನ ಆಮೆಯೊಂದು ಏರಿಯ ಮೇಲೆ ಹಿಂಗಾಲುಗಳಿಂದ ಮಣ್ಣನ್ನು ತೋಡುತ್ತಿತ್ತು. ನಾನು ಅಲುಗದೆ ಕುಳಿತೆ. ಬಿಳಿಯ ಮೊಟ್ಟೆಗಳು ಒಂದೊಂದಾಗಿ ಗುಳಿಗೆ ಜಾರಿದವು. ಆಮೆ ಮಣ್ಣು ಮುಚ್ಚಿ, ಹೊಟ್ಟೆಯಿಂದ ಒತ್ತಿ ಸಮಮಾಡಿ, ನಿಧಾನವಾಗಿ ನೀರಿಗಿಳಿಯಿತು. ಪಕ್ಕದಲ್ಲಿ ಅಕ್ಕ ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು.

ಕಂಡೆ, ಅಕ್ಕ. ಕಂಡದ್ದನ್ನಷ್ಟೇ ಬರೆದಿದ್ದೇನೆ. ಓದಬೇಕಾದ ನೀವಿಲ್ಲ.