ನಮ್ಮನೆಯ ಕಪ್ತಾನ್

ಹೋದ ವಾರ ಬಡಿಗ ಬಂದು ಹಳೆಯ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿದ. ಆ ವಾಸನೆಗೆ ಅಡುಗೆಮನೆಯಲ್ಲಿ ಕೂತಲ್ಲೇ ನನಗೆ ಮೈದುನನ ನೆನಪಾಯಿತು. ಅವನು ತನ್ನ ಹಾಕಿ ಸ್ಟಿಕ್ಕಿಗೆ ಇದೇ ಎಣ್ಣೆ ತಿಕ್ಕುತ್ತಿದ್ದ, ಕೂಸಿಗೆ ಎಣ್ಣೆ ಹಚ್ಚಿದ ಹಾಗೆ...

ನಾನು ಮಕ್ತಲಕ್ಕೆ ಸೊಸೆಯಾಗಿ ಬಂದಾಗ ಅವನು ಹೈದರಾಬಾದಿನ ಕಾಲೇಜಿನಲ್ಲಿ ಹಾಕಿ ತಂಡದ ನಾಯಕ. ಊರವರೆಲ್ಲ ಕಪ್ತಾನ್ ಅಂತಲೇ ಕರೆಯುತ್ತಿದ್ದರು. ಓದು ಮುಗಿದದ್ದೇ ತಡ, ರೈಲ್ವೆಯವರು ತಮ್ಮ ತಂಡಕ್ಕೆ ಆಡಲು ನೌಕರಿ ಕೊಟ್ಟು ಕಾಗದ ಬರೆದರು. ದಸರೆಗೆ ಮುಂಚೆ ಹಾಜರಾಗಬೇಕಿತ್ತು. "ಆಟ ಆಡಾಕ ಯಾರರ ಪಗಾರ ಕೊಡ್ತಾರೇನು?" ಎಂದು ಅತ್ತೆ ನಕ್ಕರು. ನನಗಂತೂ ನೀರಿಗೆ ಹೋದಲ್ಲೂ ಅದೇ ಮಾತು.

ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ಸೈನ್ಯ ಬಂದು ನಿಜಾಮನ ರಾಜ್ಯ ಹಿಡಿಯಿತು. ನಿಜಾಮನ ಫೌಜಿನವರನ್ನು ಹುಡುಕುತ್ತ ಸಿಪಾಯಿಗಳು ಮನೆಮನೆಗೆ ಬಂದರು. ಗಂಡಸರು ಯಾರಿದ್ದಾರೆ ಎಂದು ನಮ್ಮ ಬಾಗಿಲಲ್ಲೂ ಕೇಳಿದರು. ಅಂಜಬೇಕಾದವಳು ನಾನು, ಜಂಬ ಕೊಚ್ಚಿಕೊಂಡೆ. ನನಗೆ ಬರುತ್ತಿದ್ದ ನಾಲ್ಕು ಮಾತಿನ ಉರ್ದುವಿನಲ್ಲಿ, "ಮೇರಾ ದೇವರ್ ಕಪ್ತಾನ್ ಹೈ", ನನ್ನ ಮೈದುನ ಕಪ್ತಾನ್, ಅಂದೆ. ಅವರು ಫೌಜಿನ ಕಪ್ತಾನ್ ಎಂದೇ ತಿಳಿದರು.

ಟ್ರಂಕು ತೆಗೆಸಿದರು. ಕಾಲೇಜಿನ ಸರ್ಟಿಫಿಕೇಟು ಸಿಕ್ಕಿತು, ಉರ್ದುವಿನಲ್ಲಿತ್ತು. ಓದಿಸಲು ಎದುರುಮನೆಯ ದರ್ಜಿಯನ್ನು ಕರೆದರು. ಅವನು ಮೈದುನನ ಚಿಕ್ಕಂದಿನ ಗೆಳೆಯ. ಅದರಲ್ಲೂ ಕಪ್ತಾನ್ ಎಂದೇ ಬರೆದಿತ್ತು. ಇದು ಆಟದ ಕಪ್ತಾನ್ ಎಂದು ಅವನು ಕೈಮುಗಿದು ಹೇಳಿದ... ಯಾರು ಕೇಳಬೇಕು? ಹೊಲದಿಂದ ಬಂದ ಮೈದುನ ಕಂಡದ್ದು, ಸಿಪಾಯಿಗಳ ನಡುವೆ ತನ್ನ ಸರ್ಟಿಫಿಕೇಟು ಹಿಡಿದು ನಿಂತ ಗೆಳೆಯನನ್ನು. ನಾನು ಬಾಗಿಲ ಹಿಂದಿದ್ದೆ.

ಮೈದುನನನ್ನು ಹಿಡಿದೊಯ್ದು ಮಹಬೂಬನಗರದಲ್ಲಿ ಕೂಡಿಹಾಕಿ, ದೀಪಾವಳಿ ಕಳೆದ ಮೇಲೆ ಬಿಟ್ಟರು. ಅಷ್ಟೊತ್ತಿಗೆ ರೈಲ್ವೆ ತಂಡದಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಿದ್ದರು. ಗದ್ವಾಲದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾದ. ರಜೆಗೆ ಊರಿಗೆ ಬಂದರೆ ದರ್ಜಿಯ ಅಂಗಡಿ ದಾಟುವಾಗ ಮುಖ ತಿರುವುತ್ತಿದ್ದ. ತನ್ನನ್ನು ಹಿಡಿದುಕೊಟ್ಟವನು ಅವನೇ ಎಂದು ನಂಬಿದ್ದ.

"ಅಕ್ಕಾರ, ನಾ ಏನು ತಪ್ಪು ಮಾಡೀನ್ರೀ?" ಎಂದು ದರ್ಜಿ ಒಮ್ಮೆ ನನ್ನನ್ನೇ ಕೇಳಿದ. ಕುಪ್ಪಸದ ಅಳತೆ ಕೊಟ್ಟು ಬಂದುಬಿಟ್ಟೆ. ಹೇಳಿದರೆ ಮನೆಯಲ್ಲಿ ನನ್ನ ಗತಿ ಏನು ಎಂಬ ಹೆದರಿಕೆ ಮೊದಮೊದಲು. ಆಮೇಲೆ ನಾಚಿಕೆ.

ದರ್ಜಿ ಮೊದಲು ತೀರಿಕೊಂಡ. ಹೋದ ವರ್ಷ ಮೈದುನ ಹಾಸಿಗೆ ಹಿಡಿದಾಗ, ಇವತ್ತು ಹೇಳಲೇಬೇಕು ಎಂದು ಪಕ್ಕದಲ್ಲಿ ಕೂತೆ. ಅವನೇ ಮೊದಲು ಮಾತಾಡಿದ. "ಅತ್ತಿಗಿ, ನನ್ನ ಆಟದ ಮ್ಯಾಲೆ ನಿಮ್ಮಷ್ಟು ಅಭಿಮಾನ ಯಾರಿಗೂ ಇದ್ದಿಲ್ಲ ನೋಡ್ರಿ." ಅವನ ಹೊದಿಕೆ ಸರಿಮಾಡಿ ಎದ್ದು ಬಂದೆ.

ದರ್ಜಿಯ ತಪ್ಪಿರಲಿಲ್ಲ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಕೇಳಬೇಕಾದವರು ಇಬ್ಬರೂ ಈಗ ಇಲ್ಲ.