ಅಳಿಯನ ಕೋಟಿನ ಒಳಪದರ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಟೈಲರಮ್ಮ ಪರದೇಶದ ರೈಲು ನಿಲ್ದಾಣವೊಂದರಲ್ಲಿ ನಿಂತು, ಚಳಿಗೆಂದು ಕೇಳಿ ತಂದಿದ್ದ ಅಳಿಯನ ಕೋಟಿನ ಒಳಪದರವನ್ನು ಹಲ್ಲಿನಿಂದ ಕಚ್ಚುತ್ತಿದ್ದರು. ಗಡಿ ದಾಟುವ ರೈಲು ಮೂರಕ್ಕೆ ಹೊರಡುವುದಿತ್ತು. ಪ್ರವಾಸದ ಗುಂಪಿನವರೆಲ್ಲ ಗೇಟು ದಾಟಿ ಒಳಗೆ ಹೋಗಿದ್ದರು. ಹೊರಗೆ ಉಳಿದವರು ಇವರು ಮತ್ತು ಇವರ ತಂಗಿ. ಪಾಸ್‌ಪೋರ್ಟ್ ಕಳೆದಿರಲಿಲ್ಲ. ಒಳಪದರದ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು, ಹೊರಗೆ ಮಾತ್ರ ಬರುತ್ತಿರಲಿಲ್ಲ. ಗೇಟಿನ ಅಧಿಕಾರಿಯೂ ಮುಟ್ಟಿ ನೋಡಿ, ತಲೆಯಾಡಿಸಿ, ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದ್ದ.

ಬೀದಿಗೆ ತೆರೆದ ಕಿಟಕಿಯ ಪಕ್ಕ ಯಂತ್ರ ಇಟ್ಟುಕೊಂಡು, ಇಡೀ ಬಡಾವಣೆಗೆ ರವಿಕೆ, ಶಾಲೆಯ ಅಂಗಿ ಹೊಲಿದವರು ಟೈಲರಮ್ಮ. ಅವರ ಹೊಲಿಗೆ ಬಿಚ್ಚುವುದು ಯಾರಿಂದಲೂ ಆಗದ ಮಾತು. ರವಿಕೆ ಬಿಗಿಯಾಯಿತೆಂದು ಬಂದವರಿಗೆ, "ಹೊಲಿಯೋದು ನನ್ನ ಕೆಲಸ. ಸಡಿಲ ಮಾಡೋದು ನಿಮ್ಮ ತಟ್ಟೆ ಕೆಲಸ," ಎನ್ನುತ್ತಿದ್ದರು.

ಈ ಊರಿಗೆ ಬಂದ ದಿನವೇ ಪ್ರವಾಸದ ಮಾರ್ಗದರ್ಶಿ ಎಚ್ಚರಿಸಿದ್ದ: "ಇಲ್ಲಿ ಜೇಬುಗಳ್ಳರ ಕಾಟ ಜಾಸ್ತಿ. ಪಾಸ್‌ಪೋರ್ಟ್ ಜೋಪಾನ. ಸಹಾಯ ಮಾಡ್ತೀನಿ ಅಂತ ತಾವಾಗೇ ಬರೋರಿಂದ ದೂರ ಇರಿ." ಅಂದಿನಿಂದ ಟೈಲರಮ್ಮ ಕಾಲು ಸುಟ್ಟ ಬೆಕ್ಕು. ಚೌಕದಲ್ಲಿ ನಿಂತರೂ, ಬಸ್ಸಿನಲ್ಲಿ ಕೂತರೂ ಕೈ ಕೋಟಿನ ಮೇಲೆಯೇ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದು ತಂಗಿ ನಕ್ಕಿದ್ದಳು. "ನೀನು ಹೀಗೆ ಮುಟ್ಟಿ ಮುಟ್ಟಿ ಕಳ್ಳನಿಗೆ ಅಡ್ರೆಸ್ ಕೊಡ್ತಿದ್ದೀಯ, ಅಕ್ಕಾ."

ಅದೂ ನಿಜವೆನಿಸಿತು. ಮುಟ್ಟಬೇಕೆಂದೇ ಅನಿಸದಷ್ಟು ಭದ್ರವಾಗಬೇಕು. ಹೋಟೆಲಿನ ಕೋಣೆಯಲ್ಲಿ ಅತಿಥಿಗಳಿಗೆಂದು ಇಟ್ಟಿದ್ದ ಪುಟ್ಟ ಪೊಟ್ಟಣದಲ್ಲಿ ಸೂಜಿ, ದಾರ ಇದ್ದವು. ಒಳಪದರದ ಅಂಚು ಬಿಡಿಸಿ, ಪಾಸ್‌ಪೋರ್ಟ್ ಒಳಗಿಟ್ಟು, ಎರಡೆಳೆ ದಾರದಲ್ಲಿ, ಹೆಜ್ಜೆಗೊಮ್ಮೆ ಹಿಂದಕ್ಕೆ ಬರುವ ಬಿಗಿ ಹಿಂಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದರು. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ತಮ್ಮ ಕತ್ತರಿಯನ್ನು ವಿಮಾನ ನಿಲ್ದಾಣದಲ್ಲೇ ತಪಾಸಣೆಯವರು ಕಿತ್ತುಕೊಂಡಿದ್ದರೆಂಬುದು ನೆನಪಾದದ್ದು ಈಗ, ಗೇಟಿನ ಎದುರು.

"ಹರಿದು ಹಾಕೇ, ಅಕ್ಕಾ!"

"ಅಳಿಯನ ಕೋಟು ಕಣೇ! ವಾಪಸ್ ಕೊಡುವಾಗ ಮಗಳ ಮುಖ ನೋಡ್ಬೇಕಲ್ಲ?" ಎಂದವರು, ಮರುಕ್ಷಣವೇ ಎರಡೂ ಕೈಯಿಂದ ಎಳೆದರು. ಬಟ್ಟೆ ಚರ್ರೆಂದಿತು. ಹೊಲಿಗೆ ಜಪ್ಪಯ್ಯ ಎನ್ನಲಿಲ್ಲ.

ಅಷ್ಟರಲ್ಲಿ ಒಳ್ಳೆಯ ಉಡುಪಿನ ಯುವಕನೊಬ್ಬ ನಗುತ್ತ ಬಂದ. ಒಂದು ಕೈಯಲ್ಲಿ ಮಡಚುವ ಚಾಕು. ಇನ್ನೊಂದು ಕೈ ಕೋಟಿಗಾಗಿ ಚಾಚಿತ್ತು. ಟೈಲರಮ್ಮ ಕೋಟನ್ನು ಕೂಸಿನಂತೆ ಅವುಚಿಕೊಂಡು ಹಿಂದೆ ಸರಿದರು. ಅವನು ಭುಜ ಕುಣಿಸಿ ಹೋದ. ಒಳ್ಳೆಯವನೋ ಕೆಟ್ಟವನೋ, ಇವತ್ತಿಗೂ ಗೊತ್ತಿಲ್ಲ.

"ಇನ್ನು ಹತ್ತೇ ನಿಮಿಷ! ಇಲ್ಲೇ ಉಳಿದ್ರೆ ನಮ್ಮನ್ನ ಯಾರು ಕೇಳ್ತಾರೆ?" ತಂಗಿ ಗಡಿಯಾರ ತೋರಿಸಿದಳು.

ಟೈಲರಮ್ಮನ ಕಣ್ಣು ಮೆಟ್ಟಿಲಿನ ಮೂಲೆಗೆ ಹೋಯಿತು. ಅಲ್ಲೊಬ್ಬ ಮುದುಕ ಬೂಟಿಗೆ ಅಟ್ಟೆ ಹೊಲಿಯುತ್ತಿದ್ದ. ಸುತ್ತ ಸಾಲಾಗಿ ಗಿರಾಕಿಗಳ ಬೂಟುಗಳು.

"ಬಾ."

"ಅವನನ್ನ ಹೇಗೆ ನಂಬೋದು?"

"ಅವನೇನು ನಮ್ಮ ಹತ್ರ ಬಂದಿಲ್ವಲ್ಲ, ನಾವೇ ಹೋಗ್ತಿರೋದು. ಅಷ್ಟು ಜನರ ಬೂಟು ಬಿಟ್ಟು ಎಲ್ಲಿಗೆ ಓಡ್ತಾನೆ?"

ಅವನ ಭಾಷೆ ಇವರಿಗೆ ಬಾರದು. ಹೊಲಿಗೆ ತೋರಿಸಿದರು. ಮುದುಕ ಕೋಟನ್ನು ಮುಟ್ಟಲಿಲ್ಲ. ಚರ್ಮ ಕೊಯ್ಯುವ ತನ್ನ ಚಾಕುವನ್ನು ತಿರುಗಿಸಿ, ಅಲಗು ತನ್ನ ಕಡೆ, ಹಿಡಿ ಅವರ ಕಡೆ ಮಾಡಿ ಕೊಟ್ಟ. ಟೈಲರಮ್ಮನೂ ಜೀವಮಾನವಿಡೀ ಕತ್ತರಿ ಕೊಟ್ಟದ್ದು ಹಾಗೆಯೇ. ಚಾಕು ತೆಗೆದುಕೊಂಡರು. ಅಲ್ಲಲ್ಲಿ ದಾರ ಕಡಿದು ಎಳೆದರು. ಪಾಸ್‌ಪೋರ್ಟ್ ಮೈಬಿಸಿಗೆ ಬೆಚ್ಚಗಾಗಿ ಹೊರಬಂತು.

ಆಗಲೇ ಮುದುಕ ಉಳಿದ ಹೊಲಿಗೆಯ ಮೇಲೆ ಬೆರಳಾಡಿಸಿದ್ದು. ಹೆಬ್ಬೆರಳು, ತೋರುಬೆರಳುಗಳನ್ನು ಒಂದಿಂಚು ಅಗಲಿಸಿ, ಹುಬ್ಬೇರಿಸಿದ: ಇಷ್ಟರಲ್ಲಿ ಎಷ್ಟು ಹೊಲಿಗೆ?

"ಅಕ್ಕಾ, ಗೇಟು ಮುಚ್ತಿದಾರೆ!"

ಚಾಕುವನ್ನು ಮುದುಕನ ಮುಂದಿಟ್ಟು, ಕೋಟು ಎತ್ತಿಕೊಂಡು ಓಡಿದರು. ಅಧಿಕಾರಿ ಪಾಸ್‌ಪೋರ್ಟ್ ನೋಡಿ ಒಳಗೆ ಬಿಟ್ಟ. ಹಿಂದೆ ಸರಳಿನ ಗೇಟು ಎಳೆದುಕೊಂಡಿತು. ತಂಗಿ ಕೈ ಜಗ್ಗುತ್ತಿದ್ದಳು. ಆದರೂ ಕೇಳಿದ ಗಿರಾಕಿಗೆ ಉತ್ತರ ಕೊಡದೆ ಕಳಿಸುವ ಅಭ್ಯಾಸ ಅವರಿಗಿರಲಿಲ್ಲ. ಟೈಲರಮ್ಮ ತಿರುಗಿ ನಿಂತು, ಸರಳುಗಳ ಸಂದಿನಿಂದ ಬೆರಳೆತ್ತಿ ತೋರಿಸುತ್ತ, ನಿಲ್ದಾಣಕ್ಕೆಲ್ಲ ಕೇಳುವಂತೆ ನಮ್ಮ ಭಾಷೆಯಲ್ಲೇ ಕೂಗಿದರು: "ಇಂಚಿಗೆ ಹದಿನಾಲ್ಕು!"