ಎಂಟು ಮನೆಯ ಒಂದು ಸೂರು

ಸೋರುವ ಹನಿ ಹಿತ್ತಾಳೆ ಚೊಂಬಿಗೆ ಬಿದ್ದರೆ ಒಂದು ಸದ್ದು, ಮಣ್ಣಿನ ಮಡಕೆಗೆ ಬಿದ್ದರೆ ಇನ್ನೊಂದು. ದೊಡ್ಡಬಳ್ಳಾಪುರದ ವಠಾರದಲ್ಲಿ ಬಾಡಿಗೆಗಿದ್ದಾಗ ಇವೆರಡನ್ನೂ ಕಣ್ಣು ಮುಚ್ಚಿ ಗುರುತಿಸುವಷ್ಟು ಪಾಂಡಿತ್ಯ ನನಗೆ ಬಂದಿತ್ತು. ವಿಶ್ವವಿದ್ಯಾನಿಲಯ ಕೊಟ್ಟ ಪದವಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಯುದ್ಧ ಮುಗಿಯುವ ಮುಂಚಿನ ಮಾತೋ, ಮುಗಿದ ಮೇಲಿನದೋ, ಆಣೆ ಮಾಡಿ ಹೇಳಲಾರೆ. ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ ಎಂದು ನಂಬಿರುವವನು ನಾನು; ನೀವೂ ಸ್ವಲ್ಪ ಎಚ್ಚರದಿಂದಲೇ ಓದಿ.

ಎಂಟು ಮನೆಗಳಿಗೂ ಸೇರಿ ಉದ್ದಕ್ಕೆ ಒಂದೇ ನಾಡಹೆಂಚಿನ ಸೂರು. ಮಳೆಗಾಲ ಹತ್ತಿರವಾದರೆ ಒಬ್ಬೊಬ್ಬರೇ ಏಣಿ ಹತ್ತುತ್ತಿದ್ದರು. ತಮ್ಮ ತಲೆಯ ಮೇಲಿನ ಒಡೆದ ಹೆಂಚನ್ನು ಪಕ್ಕಕ್ಕೆ ಸರಿಸಿ, ಪಕ್ಕದ ಗಟ್ಟಿ ಹೆಂಚನ್ನು ಇತ್ತ ಎಳೆದುಕೊಳ್ಳುತ್ತಿದ್ದರು. ಹೀಗೆ ವರ್ಷಗಟ್ಟಲೆ ಪಯಣ ಮಾಡಿದ ಒಡಕು ಹೆಂಚುಗಳೆಲ್ಲ ಕೊನೆಯ ಮನೆಯ ಮೇಲೆ ಬಂದು ನೆಲೆಸಿದ್ದವು. ಅಲ್ಲಿದ್ದವಳು ರಂಗಮ್ಮ. ಗಂಡನಿಲ್ಲದ ಹೆಂಗಸು, ಏಣಿ ಹತ್ತುವವಳಲ್ಲ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಳು. ಮಳೆ ಬಂದರೆ ಕುಣಿ ತುಂಬುತ್ತಿತ್ತು, ನೇಯ್ಗೆ ನಿಲ್ಲುತ್ತಿತ್ತು.

"ಸೋರಿದ್ರೆ ಖಾಲಿ ಮಾಡಮ್ಮ," ಎಂದರು ಮಾಲೀಕ ನಂಜುಂಡಪ್ಪನವರು. ಮಗ್ಗದ ಕುಣಿ ತೋಡಲು ಬಿಡುವ ಇನ್ನೊಂದು ಮನೆ ಅವಳಿಗೆ ಎಲ್ಲಿ ಸಿಗಬೇಕು?

ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಎರಡನೇ ಮನೆಯ ಬಾಷಾ ಸಾಬರು ಎಲ್ಲರನ್ನೂ ಬಾವಿಕಟ್ಟೆಗೆ ಕರೆದರು, ಮಾಲೀಕರನ್ನೂ.

"ಹೆಂಚು ನೀವು ಹಾಕ್ಸಲ್ಲ ಅಂತೀರಿ, ಆಯ್ತು. ಅಂಗಳದ ಹುಣಸೇಮರದ ಫಸಲು ಈ ಸಲ ವಠಾರಕ್ಕೆ ಬಿಡಿ ಯಜಮಾನ್ರೇ. ಸೂರು ನಾವೇ ನೋಡ್ಕೋತೀವಿ."

"ಬಾಡಿಗೆಗಿರೋರಿಗೆ ಸೂರಿನ ಉಸಾಬರಿ ಯಾಕಯ್ಯಾ?"

"ನೆನೆಯೋರು ನಾವು. ಉಸಾಬರಿ ಇನ್ಯಾರಿಗಪ್ಪಾ?" ಎಂದಳು ರಂಗಮ್ಮ.

ನಂಜುಂಡಪ್ಪನವರು ನನ್ನ ಕಡೆ ತಿರುಗಿದರು. "ಓದಿದೋರು ನೀವು. ಏನ್ ಮೇಷ್ಟ್ರೇ, ಆಗೋ ಮಾತಾ ಇದು?"

ಅನುಮಾನ ಎಂದೆ.

"ಮೇಷ್ಟ್ರಿಗೆ ನಾಳೆ ಬೆಳಗಾಗೋದ್ರಲ್ಲೂ ಅನುಮಾನ ಬಿಡಿ!" ಎಂದರು ಸಾಬರು. ಎಲ್ಲರೂ ನಕ್ಕರು.

ನನ್ನ ಅನುಮಾನವನ್ನೇ ನಂಬಿಕೊಂಡು ಮಾಲೀಕರು ಒಪ್ಪಿದರು. "ಮಳೆ ಬರೋದ್ರೊಳಗೆ ಆಗದಿದ್ರೆ ರಂಗಮ್ಮ ಖಾಲಿ ಮಾಡ್ಬೇಕು, ಅಷ್ಟೇ."

ಹುಣಸೆ ಬಡಿದದ್ದಾಯಿತು. ಎಂಟು ಹೊಸಿಲುಗಳಲ್ಲಿ ಹೆಂಗಸರು ಸಿಪ್ಪೆ ಸುಲಿದು ಬೀಜ ತೆಗೆದರು. ವಠಾರದ ಗಾಳಿಯೇ ಹುಳಿಯಾಯಿತು. ಹಣ್ಣು ಸಂತೆಗೆ ಹೋಯಿತು, ತ್ಯಾಮಗೊಂಡ್ಲು ಕಡೆಯಿಂದ ಗಾಡಿಯಲ್ಲಿ ಹೆಂಚು ಬಂತು. ಇನ್ನು ಯಾರ ಮನೆ ಮೊದಲು ಎಂಬಲ್ಲಿ ಜಗಳ ಹತ್ತುವುದು ಖಂಡಿತವೆಂದು ನಾನು ಕಾದು ಕುಳಿತೆ. ಮನೆ ಯಾರದೋ, ಮಳೆ ಮಾತ್ರ ತನ್ನದು ಎಂಬಂತೆ ಬದುಕುವವನು ಬಾಡಿಗೆದಾರ; ಅವನು ಪರರ ತಲೆಗೆ ಸೂರು ಹೊದಿಸುವನೇ?

"ಕೊನೇ ಮನೆಯಿಂದ," ಎಂದರು ಸಾಬರು. ಅಲ್ಲಿನ ಒಡಕು ಹೆಂಚುಗಳ ತವರುಮನೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಏಣಿ ನೇರವಾಗಿ ರಂಗಮ್ಮನ ಗೋಡೆಗೆ ಹೋಗಿ ನಿಂತಿತು. ಕೈಯಿಂದ ಕೈಗೆ ಹೆಂಚು ಏರಿತು. ಆ ಸಾಲಿನಲ್ಲಿ ನಾನೂ ಇದ್ದೆ. ಇದೊಂದನ್ನು ನನ್ನ ನೆನಪು ಸೇರಿಸಿದ್ದಲ್ಲ, ಅಂಗೈ ತರಚಿದ ಗುರುತಿದೆ.

ಎಂಟೂ ಮನೆಯ ಹೆಂಚು ಮುಗಿದ ಮೇಲೆ, ಒಂದು ಮಧ್ಯಾಹ್ನ, ಮುಂಗಾರಿನ ಮೊದಲ ಮಳೆ ಹೊಯ್ದಿತು. ನಾವೆಲ್ಲ ನಮ್ಮ ನಮ್ಮ ಮನೆ ಬಿಟ್ಟು, ನೆನೆಯುತ್ತ, ರಂಗಮ್ಮನ ಬಾಗಿಲಿಗೆ ಓಡಿದೆವು. ಅವಳು ಕುಣಿಯೊಳಗೆ ಕೈಯಾಡಿಸಿ, ಧೂಳು ಹತ್ತಿದ ಅಂಗೈಯನ್ನು ಎತ್ತಿ ಹಿಡಿದಳು.

"ಒಣಗಿದೆ ಕಣ್ರೋ!"

ವಠಾರವೇ ಕೇಕೆ ಹಾಕಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನೇ ಎಂದು ಬಾಷಾ ಸಾಬರು ಆಮೇಲೆ ಹೇಳುತ್ತಿದ್ದರು. ಇರಬಹುದು.

ಅಷ್ಟರಲ್ಲಿ ಕೊಡೆ ಹಿಡಿದು ನಂಜುಂಡಪ್ಪನವರು ಬಂದರು. ಬಹಳ ಹೊತ್ತು ತಲೆಯೆತ್ತಿ ಹೆಂಚನ್ನೇ ನೋಡಿದರು. ಖಾಲಿ ಮಾಡುವ ಮಾತೆತ್ತಲಿಲ್ಲ.

"ಮೂರನೇ ಮನೆ ಮುಂದಿನ ತಿಂಗಳು ಖಾಲಿಯಾಗುತ್ತೆ," ಎಂದರು ಕೊನೆಗೆ, ಕೊಡೆ ಮಡಿಸುತ್ತ. "ಇಬ್ರು ಬಂದು ಕೇಳ್ತಿದಾರೆ. ಯಾರ್ನ ಹಾಕೋಣ? ನೀವೇ ನೋಡಿ ಹೇಳಿ."

ರಂಗಮ್ಮ ಆಗಲೇ ಕುಣಿಗೆ ಕಾಲಿಳಿಬಿಟ್ಟಿದ್ದಳು. ಲಾಳಿ ನಿಲ್ಲಿಸದೆಯೇ ಹೇಳಿದಳು: "ಇಬ್ರನ್ನೂ ಕಳ್ಸಿ ಯಜಮಾನ್ರೇ. ಏಣಿ ಹತ್ತಿಸಿ, ಒಡಕು ಹೆಂಚು ಯಾವ ಕಡೆ ಸರಿಸ್ತಾರೆ ನೋಡ್ತೀವಿ."